ಲಾರಿ ಹಲಗೆಯ ಗ್ವಾಡಿಪಟ

ಪುರಾತತ್ವ ಇಲಾಖೆಯ ಕಚೇರಿಯ ಜವಾನ ಬಂದಾಗ ಉಚ್ಚೆಂಗಮ್ಮ ಅಂಗಳದಲ್ಲಿ ಕೂತು ಹಳದಿ ಬಳಿದ ಹಲಗೆಯ ಚೂರೊಂದರಿಂದ ಮೊಳೆ ಕೀಳುತ್ತಿದ್ದಳು. ಇಕ್ಕಳದ ಬಾಯಿಗೆ ಸಿಕ್ಕ ಮೊಳೆ ಅರ್ಧ ಬಂದು ಹಟ ಹಿಡಿದು ನಿಂತಿತ್ತು. ಜವಾನ ಮೋಟಾರ್ ಸೈಕಲ್ಲಿನಿಂದ ಇಳಿಯಲೂ ಇಲ್ಲ.

"ಉಚ್ಚೆಂಗಮ್ಮ, ಗಂಡ ರಾಯಣ್ಣ. ಯಾರು?"

"ನಾನ ರೀ. ಯಾಕ?"

"ಇಲ್ಲಿ ಸಹಿ ಹಾಕ್ರಿ. ನಾಳೆ ಹತ್ತಕ್ಕ ಕಚೇರಿಗೆ ಬರ್ಬೇಕು. ಹಂಪಿ ಹಳೇ ಬಾಗಲದ ಕಟಿಗಿ ಕದ್ದು ಪಟ ಮಾಡಿ ಮಾರೀರಂತ ದೂರು ಐತಿ."

ಉಚ್ಚೆಂಗಮ್ಮನಿಗೆ ಮೊದಲು ನಗು ಬಂತು. ಕೈಯಲ್ಲಿದ್ದ ಚೂರನ್ನು ಎತ್ತಿ ತೋರಿಸಿದಳು. "ಇದಾ? ಇದು ಲಾರಿ ಹಲಗಿ ಐತ್ರಿ ಸಾಹೇಬ್ರ. ನನ್ನ ಗಂಡನ ಶೆಡ್ಡಿಂದ ಬಂದದ್ದು."

"ಅದನ್ನ ನಾಳೆ ಅಲ್ಲಿ ಹೇಳ್ರಿ. ನಾ ಬರೇ ಕಾಗದ ಕೊಡಾಂವ."

ಅವನು ಹೋದ ಮೇಲೆ ಕಾಗದವನ್ನು ಎರಡು ಸಲ ಓದಿದಳು. ಏಳನೇ ಇಯತ್ತೆ ಪಾಸಾದವಳು, ಕನ್ನಡ ಓದಲು ಯಾರ ಹಂಗೂ ಇರಲಿಲ್ಲ. ಎರಡನೇ ಸಲ ಓದುವಾಗ 'ಕಳ್ಳತನ' ಎಂಬ ಪದದ ಹತ್ತಿರ ಕಣ್ಣು ನಿಂತಿತು. ನಗು ಎಲ್ಲಿ ಹೋಯಿತೋ, ಕಿವಿಯ ಬುಡದಿಂದ ಬಿಸಿ ಏರತೊಡಗಿತು.

ಅವಳ ಗಂಡ ರಾಯಣ್ಣ ಚಿತ್ತವಾಡ್ಗಿಯಾಚೆ ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಲಾರಿಗೆ ಬಾಡಿ ಕಟ್ಟುವ ಬಡಗಿ. ಆ ವರ್ಷಗಳಲ್ಲಿ ಅವನಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಹಗಲು ರಾತ್ರಿ ಒಂದರ ಬಾಲ ಒಂದು ಹಿಡಿದು ಇಳಿಯುತ್ತಿದ್ದವು. ಅದಿರು ತುಂಬುವ ಯಂತ್ರ ಮೇಲಿನಿಂದ ಸುರಿದ ಏಟಿಗೆ ತಳದ ಹಲಗೆಗಳು ಆರು ತಿಂಗಳೂ ತಾಳುತ್ತಿರಲಿಲ್ಲ, ಪಕ್ಕದ ಹಲಗೆಗಳು ಬಿರುಕು ಬಿಡುತ್ತಿದ್ದವು. ಕಿತ್ತ ಹಲಗೆಗಳು ಶೆಡ್ಡಿನ ಹಿಂದೆ ಗುಡ್ಡೆ ಬೀಳುತ್ತಿದ್ದವು. ಒಲೆಗೆ ಹಾಕಿದರೆ ಬಣ್ಣದ ನಾತ, ಕಣ್ಣುರಿ. ಯಾರಿಗೂ ಬೇಡವಾದ ಸರಕು.

ಅದೇ ಲಾರಿಗಳ ಓಡಾಟಕ್ಕೆ ಉಚ್ಚೆಂಗಮ್ಮನ ಮನೆಯ ನಡುಗೋಡೆ ಬಾಯಿ ಬಿಟ್ಟಿತ್ತು. ಮಣ್ಣು ಮೆತ್ತಿದಳು, ಉದುರಿತು. ಸಿಮೆಂಟು ಮೆತ್ತಿದಳು, ಅದೂ ಉದುರಿತು. ಕೊನೆಗೆ ಬೇಸತ್ತು, ಶೆಡ್ಡಿನ ಹಿಂದಿನ ಚೂರುಗಳನ್ನು ಆರಿಸಿ ತಂದು, ಒಂದು ಪ್ಲೈವುಡ್ಡಿನ ತುಂಡಿನ ಮೇಲೆ ಅಂಟಿಸಿ ಆ ಬಿರುಕಿಗೆ ಅಡ್ಡ ನೇತುಹಾಕಿದಳು. ಬರೀ ಚೂರು ಅಂಟಿಸಲು ಮನಸ್ಸು ಒಪ್ಪದೆ ಕಂದು ಚೂರುಗಳನ್ನು ಒಂದರ ಮೇಲೊಂದು ಇಟ್ಟು ಹಂಪಿಯ ಬಂಡೆಗಳನ್ನು ಮಾಡಿದ್ದಳು. ಕೆಳಗೆ ನೀಲಿ ಪಟ್ಟಿಗಳು ಹೊಳೆಯಾದವು. ನೋಡಿದ ರಾಯಣ್ಣ, "ಇದೇನಲೇ, ಮಸ್ತ್ ಐತಲ್ಲ ಗ್ವಾಡಿಪಟ!" ಅಂದಿದ್ದ. ಗೋಡೆಯ ಪಟಕ್ಕೆ ಅವನಿಟ್ಟ ಆ ಹೆಸರೇ ಉಳಿಯಿತು.

ಅವಳದು ಒಂದೇ ಪಣ. ಹೊಸ ಬಣ್ಣ ಹಚ್ಚಬಾರದು. ಲಾರಿಯವರು ಬಳಿದ ಹಳದಿ, ಗಿಣಿ ಹಸಿರು, ಕುಂಕುಮ ಕೆಂಪು, ಆಯುಧಪೂಜೆಗೊಮ್ಮೆ ಮೇಲೆ ಮೇಲೆ ಬಿದ್ದ ಪದರಗಳು, ಇಷ್ಟರಲ್ಲೇ ಎಲ್ಲ ಆಗಬೇಕು. ತಂತಿ ಬ್ರಷ್ಷಿನಿಂದ ಅದಿರಿನ ಧೂಳು ಕೆರೆದು, ಮರಳು ಕಾಗದ ತಿಕ್ಕಿ ಯಾವ ಪದರ ಎಷ್ಟು ಕಾಣಬೇಕೋ ಅಷ್ಟಕ್ಕೆ ಕೈ ನಿಲ್ಲಿಸಿ, ಅಗಸೆ ಎಣ್ಣೆ ಸವರುತ್ತಿದ್ದಳು. ಎಷ್ಟು ಕೆರೆದರೂ ಮರದ ಎಳೆಗಳ ಒಳಗೆ ಒಂದಿಷ್ಟು ಕೆಂಪು ಉಳಿದೇ ಉಳಿಯುತ್ತಿತ್ತು. ಸಂಜೆ ಹೊತ್ತಿನ ಆಕಾಶಕ್ಕೆ ಅದೇ ಬೇಕು ಅನ್ನುತ್ತಿದ್ದಳು.

ಸಿದ್ದಲಿಂಗೇಶ ಅವಳ ಕೆಲಸ ಕಂಡದ್ದು ಎರಡು ವರ್ಷದ ಹಿಂದೆ, ತನ್ನ ಮನೆತನದ ಅಕ್ಕಿ ಗಿರಣಿಯ ಲಾರಿಗೆ ತಳ ಹಾಕಿಸಲು ಶೆಡ್ಡಿಗೆ ಬಂದಾಗ. ಹಂಪಿಗೆ ಹೋಗುವ ದಾರಿಯಲ್ಲಿ ಅವನದೊಂದು ಅಂಗಡಿಯಿತ್ತು, ಪ್ರವಾಸಿಗರಿಗೆ ಚೀಲ, ಕಲ್ಲಿನ ಆನೆ ಮಾರುವಂಥದ್ದು. "ಉಚ್ಚೆಂಗಕ್ಕ, ತಿಂಗಳಿಗೆ ನಾಕು ಕೊಡ್ರಿ, ಎಷ್ಟ್ ಮಾಡಿದ್ರೂ ನಾ ತಗೊಂತೀನಿ" ಅಂದ. ಪಟಗಳನ್ನು ಅವಳು ಗಿರಣಿಗೇ ಮುಟ್ಟಿಸುತ್ತಿದ್ದಳು. ಅಂಗಡಿಯ ಮುಖ ನೋಡಿರಲಿಲ್ಲ. ಗಣಿಯ ಧಣಿಯೊಬ್ಬ ತನ್ನ ಹೊಸ ಬಂಗಲೆಗೆ ಒಟ್ಟಿಗೆ ಹನ್ನೆರಡು ಪಟ ಒಯ್ದನೆಂದು ಸಿದ್ದಲಿಂಗೇಶ ಹೇಳಿದ ದಿನ ಅವಳು ಮನೆಯಲ್ಲಿ ಶಾವಿಗೆ ಪಾಯಸ ಮಾಡಿದ್ದಳು.

ಕಾಗದ ಕೈಗೆ ಬಂದ ಮಧ್ಯಾಹ್ನವೇ ಅವಳು ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದು, ಹಂಪಿ ಬಸ್ಸು ಹತ್ತಿ ಆ ಅಂಗಡಿಯ ಮುಂದೆ ಇಳಿದಳು. ಗಲ್ಲಾಪೆಟ್ಟಿಗೆಯ ಹಿಂದಿದ್ದ ಸಿದ್ದಲಿಂಗೇಶ ಅವಳನ್ನು ಕಂಡವನೇ ಎದ್ದು ನಿಂತ.

"ಬರ್ರಿ ಅಕ್ಕ, ಕುಂದ್ರಿ. ನಾನ ಬರ್ಬೇಕಂತಿದ್ದೆ..."

ಉಚ್ಚೆಂಗಮ್ಮ ಕೂರಲಿಲ್ಲ. ಗೋಡೆಯ ಮೇಲೆ ಅವಳ ಮೂರು ಪಟಗಳಿದ್ದವು. ಪ್ರತಿಯೊಂದರ ಚೌಕಟ್ಟಿನ ಕೆಳಮೂಲೆಯಲ್ಲಿ ಬಂಗಾರದ ಅಂಚಿನ ಚೀಟಿ ಅಂಟಿತ್ತು. ಅವಳು ಅಂಟಿಸಿದ್ದಲ್ಲ. ಅಕ್ಷರ ಇಂಗ್ಲಿಷಿನದು.

"ಇದೇನು?"

"ಅದು ಸುಮ್ನ... ಅಂಗಡಿ ಹೆಸರು."

ಇಬ್ಬರು ಪ್ರವಾಸಿಗರನ್ನು ಕರೆತಂದಿದ್ದ ಹಂಪೇಶ್ ಎಂಬ ಗೈಡು ಬಾಗಿಲ ಬಳಿ ನಿಂತು ಎಳನೀರು ಕುಡಿಯುತ್ತಿದ್ದ. ಉಚ್ಚೆಂಗಮ್ಮ ಅವನ ಕಡೆ ತಿರುಗಿದಳು. "ಅಣ್ಣಾ, ನಿನಗ ಇಂಗ್ಲಿಷ್ ಬರ್ತೈತಲ್ಲ? ಇದನ್ನ ಓದಿ ಕನ್ನಡದಾಗ ಹೇಳು."

ಹಂಪೇಶ್ ಸಿದ್ದಲಿಂಗೇಶನ ಮುಖ ನೋಡಿದ. ಸಿದ್ದಲಿಂಗೇಶ ಬೇಡವೆಂಬಂತೆ ಕಣ್ಣು ಮಿಟುಕಿಸಿದ. ಉಚ್ಚೆಂಗಮ್ಮ ಅದನ್ನು ಕಂಡಳು. "ಅವನ ಮಕ ಯಾಕ ನೋಡ್ತೀ? ಚೀಟಿ ನೋಡು."

ಹಂಪೇಶ್ ಚೀಟಿಯತ್ತ ಬಗ್ಗಿ ಓದಿದ. "ವಿಜಯನಗರದ ಅರಸರ ಅರಮನಿ ಬಾಗಲಗಳ ಐನೂರು ವರ್ಷದ ಮರದಾಗ ಮಾಡಿದ್ದು, ಅಂತೈತಕ್ಕ."

"ಆಮ್ಯಾಲ?"

"ಮಾಡಿದಾಂವ ಎಂಬತ್ತೆರಡು ವರ್ಷದ ಒಬ್ಬ ಮುದುಕ. ಈ ವಿದ್ಯೆ ಬಲ್ಲ ಕಡೀ ಮನುಷ್ಯ. ಹೋದ ವರ್ಷ ತೀರಿಕೊಂಡ."

"ಯಾರು ತೀರಿಕೊಂಡ?"

"ಮಾಡಿದಾಂವ, ಅಂತೈತಿ."

ಉಚ್ಚೆಂಗಮ್ಮ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಎಡಗೈ ಹೆಬ್ಬೆರಳಿನ ಮೇಲೆ ಗರಗಸದ ಹಸಿ ಗಾಯ ಇತ್ತು. ನಲವತ್ತೊಂದು ವರ್ಷದ ತನ್ನನ್ನು ಗಂಡಸು ಮಾಡಿ, ಮುದುಕನನ್ನಾಗಿ ಮಾಡಿ, ಕೊಂದು, ಮೇಲೆ ಬಂಗಾರದ ಅಂಚು ಎಳೆದಿದ್ದ ಈ ಮನುಷ್ಯ.

"ನನ್ನ ಯಾಕ ಸಾಯ್ಸಿದಿ?" ಅಂದಳು. ಧ್ವನಿ ಏರಲಿಲ್ಲ. ಸಿದ್ದಲಿಂಗೇಶನಿಗೆ ಅದರಿಂದಲೇ ಹೆಚ್ಚು ಗಾಬರಿಯಾಯಿತು.

"ಅಕ್ಕ, ವ್ಯಾಪಾರ ಅಂದ್ರ ಹಿಂಗ ಇರ್ತೈತಿ. ಸತ್ತಾಂವ ಮಾಡಿದ್ದು ಅಂದ್ರ ಬೆಲಿ ಜಾಸ್ತಿ. ಇನ್ನ ಸಿಗಂಗಿಲ್ಲ ಅಂತ ಜನ ಜಲ್ದಿ ತಗೊಂತಾರ. ಆ ಧಣಿ ಗೃಹಪ್ರವೇಶದಾಗ ಬಂದವರಿಗೆಲ್ಲ ಚೀಟಿ ತೋರ್ಸಿ ಬಡಾಯಿ ಕೊಚ್ಚಿಕೊಂಡಾನ. ಬಂದವರಾಗ ಒಬ್ಬ ದೊಡ್ಡ ಆಫೀಸರ್ ಇದ್ನಂತ. ಹಂಪಿ ಮರ ನಿನಗ ಹೆಂಗ ಬಂತು ಅಂತ ಹಿಡಕೊಂಡ. ಧಣಿ ನನ್ನ ಹೆಸರು ಹೇಳಿದ..."

"ನೀನು ನನ್ನ ಹೆಸರು ಹೇಳಿದಿ."

"ನೀವ ಅಲ್ಲೇನ್ರಿ ಹಳೇ ಕಟಿಗಿ ಅಂದಿದ್ದು? ಹಳೇದು ಅಂದ್ರ ನಾ ಹಂಗ ತಿಳಕೊಂಡೆ, ಅಂತ ಬರಕೊಟ್ಟೀನಿ. ದೊಡ್ಡದೇನಿಲ್ಲಕ್ಕ, ನೀವು ತಪ್ಪಾತು ಅಂದ್ರ ದಂಡ ಹಾಕಿ ಬಿಡ್ತಾರ. ದಂಡ ನಾನ ಕಟ್ತೀನಿ."

ಉಚ್ಚೆಂಗಮ್ಮ ಗೋಡೆಯತ್ತ ನಡೆದು ಮೂರೂ ಪಟ ಇಳಿಸಿದಳು. ಅವನು ತಡೆಯಲು ಬಂದ. ಅವಳು ತಿರುಗಿ ನೋಡಿದ ರೀತಿಗೆ ಕೈ ಹಿಂದಕ್ಕೆ ಎಳೆದುಕೊಂಡ. ಪ್ರವಾಸಿಗರು ಏನಾಗುತ್ತಿದೆಯೆಂದು ಹಂಪೇಶನನ್ನು ಕೇಳುತ್ತಿದ್ದರು. ಅವನು ಅವರಿಗೇನು ಹೇಳಿದನೋ, ಅವಳು ಬಸ್ಸಿಗೆ ಕಾಯುತ್ತ ನಿಂತಿದ್ದಷ್ಟು ಹೊತ್ತೂ ಅವರು ಅವಳನ್ನೇ ನೋಡುತ್ತಿದ್ದರು.

ಸಂಜೆ ರಾಯಣ್ಣ ಮನೆಗೆ ಬಂದು ಕಾಗದ ಕೈಗೆತ್ತಿಕೊಂಡ. ಹೆಂಡತಿ ಅದನ್ನು ಓದಿ, ನಡೆದದ್ದನ್ನೆಲ್ಲ ಹೇಳಿದಳು. ಆಮೇಲೆ ಅವನು ಮೆಲ್ಲಗೆ, "ತಪ್ಪಾತು ಅಂದ್ಬಿಡು" ಅಂದ.

"ಏನಂದ್ರಿ?"

"ಸಿದ್ದಲಿಂಗಣ್ಣ ದಂಡ ಕಟ್ತಾನ ಅಂದಾನಲ್ಲ. ಅವ್ರ ಲಾರಿ ನಮ್ಮ ಶೆಡ್ಡಿಗೆ ಬರ್ತಾವ. ಆ ಧಣಿ ಲಾರೀನೂ ಬರ್ತಾವ. ಇವರನ್ನ ಎದುರು ಹಾಕ್ಕೊಂಡು ನಾವು ಹೆಂಗ ಇರೋದು? ಓದು ಬರದ ಹೆಣಮಗಳು, ತಿಳೀದ ಮಾಡ್ಯಾಳ ಅಂತ ನಾನ ಬಂದು ಹೇಳ್ತೀನಿ."

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗಂಡನನ್ನು ಅವಳು ಏಕವಚನದಲ್ಲಿ ಕರೆದಿರಲಿಲ್ಲ. "ನನಗ ಓದು ಬರಂಗಿಲ್ಲಾ? ಶೆಡ್ಡಿನ ಚೀಟಿ ಯಾರು ಓದಿ ಹೇಳ್ತಾರ ನಿನಗ? ಆ ಹಲಗಿ ನಿನ್ನ ಕೈಯಾಗ ಕಿತ್ತದ್ದು. ಯಾವ ಲಾರೀದು ಅಂತ ನಿನಗ ಗೊತ್ತೈತಿ. ಗೊತ್ತಿದ್ದು ನನ್ನ ಕಳ್ಳಿ ಮಾಡ್ತೀಯಾ?"

ರಾಯಣ್ಣ ತಲೆ ತಗ್ಗಿಸಿದ. ಅವನು ಕೆಟ್ಟವನಲ್ಲ, ಹೆದರಿದವನು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುದರಿಂದ ಸಿಟ್ಟೇನೂ ಕಡಿಮೆಯಾಗಲಿಲ್ಲ.

ಮರುದಿನ ಹತ್ತಕ್ಕೆ ಹೋದವಳನ್ನು ಕಚೇರಿಯ ಪಡಸಾಲೆಯಲ್ಲಿ ಮಧ್ಯಾಹ್ನ ಒಂದರವರೆಗೆ ಕೂಡಿಸಿದರು. ಸಿದ್ದಲಿಂಗೇಶ ಹನ್ನೆರಡಕ್ಕೆ ಬಂದ, ಒಳಗೆ ಹೋಗಿ ಚಹಾ ಕುಡಿದ. ರಾಯಣ್ಣ ಶೆಡ್ಡಿಗೆ ರಜೆ ಹಾಕಿ ಬಂದಿದ್ದ, ಆದರೆ ಹೆಂಡತಿಯಿಂದ ಒಂದು ಮಾರು ದೂರ ಗೋಡೆಗೊರಗಿ ನಿಂತಿದ್ದ. ಹೊರಗಿನ ರಸ್ತೆಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು. ಒಂದೊಂದು ಹೋದಾಗಲೂ ಕಿಟಕಿಯ ಗಾಜು ಗದಗುಟ್ಟುತ್ತಿತ್ತು.

ಒಳಗೆ ಕರೆದಾಗ ಅಧಿಕಾರಿಯ ಮೇಜಿನ ಮೇಲೆ ಅವಳ ಪಟ ಮಲಗಿತ್ತು. ಧಣಿಯ ಬಂಗಲೆಯಿಂದ ತಂದದ್ದು. ಗದ್ದೆಯಲ್ಲಿ ನಿಂತ ಮೂರು ಕೊಕ್ಕರೆಗಳು. ಅಧಿಕಾರಿ ಕನ್ನಡಕ ಹಣೆಗೆ ಏರಿಸಿದ, ದಣಿದ ಮುಖದ ಮನುಷ್ಯ.

"ನೋಡಮ್ಮ, ಇವರು ಹೇಳಿಕೆ ಕೊಟ್ಟಿದ್ದಾರೆ. ನೀನು ಎಲ್ಲಿಂದ ಮರ ತಂದೆ ಅಂತ ಹೇಳಿ, ತಪ್ಪು ಒಪ್ಪಿಕೊಂಡು ಸಹಿ ಮಾಡಿದರೆ ಬೇಗ ಮುಗಿಯುತ್ತೆ."

"ನಾ ಒಪ್ಪಿಕೊಳ್ಳಂಗಿಲ್ರಿ. ಇದು ಲಾರಿ ಹಲಗಿ."

"ಎಲ್ಲರೂ ಹಾಗೇ ಹೇಳ್ತಾರೆ. ಪುರಾವೆ ಏನು?"

"ಒಂದು ಸ್ಕ್ರೂಡ್ರೈವರ್ ಕೊಡ್ರಿ."

ಅಧಿಕಾರಿ ಹುಬ್ಬು ಗಂಟಿಕ್ಕಿದ. ಗುಮಾಸ್ತನೊಬ್ಬ ಎಲ್ಲಿಂದಲೋ ಒಂದನ್ನು ತಂದ. ಉಚ್ಚೆಂಗಮ್ಮ ಪಟವನ್ನು ತನ್ನ ಕಡೆಗೆ ಎಳೆದುಕೊಂಡಳು. ನಡುವಿನ ಕೊಕ್ಕರೆಯ ಬಿಳಿ ಮೈ, ಅದನ್ನು ಕೂಡಿಸಲು ಅವಳಿಗೆ ನಾಲ್ಕು ದಿನ ಹಿಡಿದಿತ್ತು. ಒಂದು ಕ್ಷಣ ಕೈ ಹಿಂದೆಗೆಯಿತು. ಆಮೇಲೆ ಹಲ್ಲು ಕಚ್ಚಿ ತುದಿಯನ್ನು ಅದರ ಕೆಳಗೆ ತೂರಿಸಿ ಮೀಟಿದಳು. ಅಂಟು ಚಟ್ಟನೆ ಬಿಟ್ಟಿತು. ಕೊಕ್ಕರೆ ಎರಡು ತುಂಡಾಗಿ ಕೈಗೆ ಬಂತು. ಅವಳು ತುಂಡುಗಳನ್ನು ಮಗುಚಿ ಮೇಜಿನ ಮೇಲೆ ಜೋಡಿಸಿದಳು. ಹಿಂಬದಿ ಕಪ್ಪು ಬಣ್ಣ, ಅದರ ಮೇಲೆ ಬಿಳಿ ಬಣ್ಣದ ಅರ್ಧ ಸಾಲು. 'ಸೌಂಡ್ ಹಾ' ಎಂಬಷ್ಟು ಸ್ಪಷ್ಟವಾಗಿತ್ತು.

"ರಾಜರ ಕಾಲದಾಗ ಹಾರ್ನ್ ಇತ್ತೇನ್ರಿ?" ಅಂದಳು.

ಗುಮಾಸ್ತ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಉಚ್ಚೆಂಗಮ್ಮ ನಿಲ್ಲಿಸಲಿಲ್ಲ. ಗದ್ದೆಯ ಹಸಿರು ಪಟ್ಟಿಯನ್ನು ಮೀಟಿ ತೆಗೆದು ಅದರ ಬೋಲ್ಟಿನ ತೂತನ್ನು ಅಧಿಕಾರಿಯ ಬಿಳಿ ಹಾಳೆಯ ಮೇಲೆ ಕುಟ್ಟಿದಳು. ತೂತಿನೊಳಗಿಂದ ಒಂದು ಚಿಟಿಕೆ ಕೆಂಪು ಧೂಳು ಉದುರಿತು.

"ಇದು ಏನಂತ ನಿಮಗ ಗೊತ್ತಿಲ್ಲೇನ್ರಿ? ನಿಮ್ಮ ಬಾಗಲ ಮುಂದನ ಹೊಂಟೈತಿ. ಬೆಳಿಗ್ಗಿಂದ ಎಣಿಸ್ತಾ ಕುಂತಿದ್ದೆ, ಎಣಿಸಿ ಎಣಿಸಿ ಸಾಕಾತು. ಗುಡ್ಡಕ್ಕ ಗುಡ್ಡಾನ ಹೊತ್ಕೊಂಡು ಹೋಗ್ತಾರ. ಅವರಿಗೆ ಯಾವ ಜವಾನನೂ ಕಾಗದ ಕೊಡಂಗಿಲ್ಲ. ಆ ಲಾರಿಯಿಂದ ಬಿದ್ದ ಹಲಗಿ ಚೂರು ಆರಿಸ್ದಾಕಿ ಕಳ್ಳಿ!"

ಬಾಗಿಲಲ್ಲಿ ನಿಂತಿದ್ದ ರಾಯಣ್ಣ ಆಗ ಒಳಗೆ ಬಂದ. ಮೇಜಿನ ಹತ್ತಿರ ನಿಂತು ಹೇಳಿದ: "ಸಾಹೇಬ್ರ, ಈ ಹಲಗಿ ಕಿತ್ತಾಂವ ನಾನ. ಆ ಬಂಗಲೆ ಧಣೀದ ಲಾರಿ ಹಲಗಿ ಇದು. ಹೋದ ವರ್ಷ ಲಾರಿ ಹಿಂದಿನ ಬಾಗಲ ಬದಲಿ ಮಾಡಿಸಿದ್ರು."

ಅಧಿಕಾರಿ ಕೊಕ್ಕರೆಯ ತುಂಡನ್ನೂ ಸಿದ್ದಲಿಂಗೇಶನನ್ನೂ ಒಂದರ ನಂತರ ಒಂದು ನೋಡಿದ. "ನೀವು ಹೊರಗೆ ಇರಿ, ನಿಮ್ಮ ಹತ್ತಿರ ಆಮೇಲೆ ಮಾತಾಡ್ತೀನಿ" ಅಂದ. ಉಚ್ಚೆಂಗಮ್ಮನಿಗೆ, "ಸರಿಯಮ್ಮ, ನೀನು ಹೋಗಬಹುದು."

"ಹೋಗಂಗಿಲ್ರಿ. ಬರೆದುಕೊಡ್ರಿ."

"ಏನು?"

"ಕಳ್ಳಿ ಅಂತ ಕಾಗದ ಕಳಿಸಿದ್ರಲ್ಲ. ಕಳ್ಳಿ ಅಲ್ಲ ಅಂತ ಕಾಗದ ಕೊಡ್ರಿ. ಇದು ಲಾರಿ ಹಲಗಿ, ಮಾಡಿದಾಕಿ ಉಚ್ಚೆಂಗಮ್ಮ, ಬದುಕ್ಯಾಳ, ಅಂತ ಬರೀರಿ."

ಅಧಿಕಾರಿ ಕನ್ನಡಕ ಇಳಿಸಿ ಅವಳನ್ನು ನೋಡಿದ. ಕೊನೆಗೆ ಗುಮಾಸ್ತನಿಗೆ ಸನ್ನೆ ಮಾಡಿದ. 'ಬದುಕಿದ್ದಾಳೆ' ಎಂಬುದನ್ನು ಕಚೇರಿಯ ಭಾಷೆಯಲ್ಲಿ ಬರೆಯಲು ಗುಮಾಸ್ತನಿಗೆ ಬರಲಿಲ್ಲ, ಬಿಟ್ಟ. ಅವಳು ಓದಿ ನೋಡಿ ಅದನ್ನೂ ಬರೆಸಿಕೊಂಡಳು.

ವಾರ ಕಳೆದ ಮೇಲೆ ಸಿದ್ದಲಿಂಗೇಶ ಒಂದು ಗೂಡ್ಸ್ ಆಟೋದಲ್ಲಿ ಬಂದ. ಹಿಂದೆ ಗೋಣಿಚೀಲ ಹಾಸಿ ಹನ್ನೊಂದು ಪಟ ಒಟ್ಟಿದ್ದ, ಮೇಲೆ ಮುರಿದ ಕೊಕ್ಕರೆಯ ಪಟ. ಲಾರಿಯ ಹಲಗೆ, ಅದರಲ್ಲೂ ತನ್ನದೇ ಲಾರಿಯ ಹಲಗೆ ಎಂದು ಗೊತ್ತಾದ ದಿನವೇ ಧಣಿ ಎಲ್ಲವನ್ನೂ ಗೋಡೆಯಿಂದ ಕೀಳಿಸಿ ಅಂಗಡಿಯ ಬಾಗಿಲಿಗೆ ಹಾಕಿಸಿದ್ದ. ಎರಡರ ಮೂಲೆ ಜಜ್ಜಿಹೋಗಿತ್ತು. ಇನ್ನೊಂದು ಪಟದ ನವಿಲಿನ ಕತ್ತು ಮುರಿದಿತ್ತು. ಗೃಹಪ್ರವೇಶದಿಂದ ಈವರೆಗೆ ಧಣಿಯ ಮನೆಯವರು ಅದೇ ನವಿಲಿನ ಕೆಳಗೆ ಕೂತು ಉಂಡಿದ್ದರು. ಚೀಟಿ ಸುಳ್ಳಾದ ಕೂಡಲೇ ನವಿಲೂ ಬೇಡವಾಯಿತು. ಹಾಗಾದರೆ ಇಷ್ಟು ದಿನ ಕಣ್ಣಿಟ್ಟು ನೋಡಿದ್ದಾದರೂ ಏನನ್ನು? ಉಚ್ಚೆಂಗಮ್ಮ ಒಂದೊಂದನ್ನೇ ಇಳಿಸಿ ಗೋಡೆಗೆ ಒರಗಿಸಿದಳು.

ಸಿದ್ದಲಿಂಗೇಶ ಕೈ ಹೊಸೆದ. "ಆದದ್ದಾತಕ್ಕ. ನಾನೂ ಭಾಳ ಕಳಕೊಂಡೀನಿ. ಈಗ ಒಂದು ಹೊಸ ವಿಚಾರ ಬಂದೈತಿ. ಸುಳ್ಳು ಬ್ಯಾಡ, ಲಾರಿ ಹಲಗಿ ಅಂತನ ಬರಿಯೋಣು. ಗಣಿ ಧೂಳಿನಾಗ ಬಾಳು ಹಾಳಾದ ಬಡ ಹೆಣಮಗಳು, ಗಂಡ ಲಾರಿ ಅಡಿಗೆ ಸಿಕ್ಕು ಹೋದ, ಕಣ್ಣೀರು ಹಾಕ್ತಾ ಮಾಡ್ಯಾಳ ಅಂತ. ಫಾರಿನ್ನವರು ಓದಿದ್ರ..."

ರಾಯಣ್ಣ ಬಾಗಿಲಲ್ಲೇ ನಿಂತಿದ್ದ. ಲಾರಿ ಅಡಿಗೆ ಹೋದ ಗಂಡ ತಾನೇ ಎಂದು ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹೋದ ಸಲ ನಾನು," ಅಂದಳು ಉಚ್ಚೆಂಗಮ್ಮ, "ಈ ಸಲ ನನ್ನ ಗಂಡ. ನಿನ್ನ ಅಂಗಡ್ಯಾಗ ದಿನಾ ಯಾರರ ಸಾಯ್ಬೇಕೇನು? ಕುಂದ್ರು."

"ಅಕ್ಕ?"

"ಕುಂದ್ರು ಅಂದೆ. ಕೆಳಗ."

ಅವಳು ಒಳಗೆ ಹೋಗಿ ಒಂದು ಬೋಗುಣಿಯಲ್ಲಿ ನೀರು, ಒಂದು ಹಳೇ ಬಟ್ಟೆ ತಂದು ಅವನ ಮುಂದೆ ಕುಕ್ಕಿದಳು. "ನೀ ಅಂಟಿಸಿದ್ದು ನೀನ ಬಿಡಿಸು. ನಾ ಅಂಗಡಿಯಿಂದ ತಂದ ಮೂರೂ ಸೇರಿ ಹದಿನೈದು ಅದಾವ. ಉಗುರಲೆ ಕೆರಿ. ಉಳಿ ಮುಟ್ಟಿದ್ರ ನನ್ನ ಹಲಗಿಗೆ ಗಾಯ ಆಗ್ತೈತಿ."

ಗಿರಣಿಯವರ ಮಗ ಸುತ್ತ ನೋಡಿದ. ಎದುರು ಮನೆಯ ಚೆನ್ನಬಸಮ್ಮ ಜಗಲಿಗೆ ಬಂದು ಸೆರಗು ಬಿಗಿದು ನಿಂತಿದ್ದಳು. ಗೂಡ್ಸ್ ಆಟೋದವನು ಬೀಡಿ ಹಚ್ಚಿ ಆರಾಮಾಗಿ ಕೂತಿದ್ದ. ಸಿದ್ದಲಿಂಗೇಶ ಇಸ್ತ್ರಿ ಮಾಡಿದ ಪ್ಯಾಂಟು ಎಳೆದುಕೊಂಡು ಕುಕ್ಕರಗಾಲಲ್ಲಿ ಕೂತ. ಬಟ್ಟೆ ಒದ್ದೆ ಮಾಡಿ ಮೊದಲನೇ ಚೀಟಿಯ ಮೇಲೆ ಇಟ್ಟ. ಅಂಟು ಒಳ್ಳೆಯದೇ ಇತ್ತು, ಬಿಡಲು ಹೊತ್ತು ಹಿಡಿಯಿತು. ನಾಲ್ಕನೇ ಚೀಟಿಯ ಹೊತ್ತಿಗೆ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ರಾಯಣ್ಣ ಒಂದು ಚೊಂಬು ನೀರು ತಂದುಕೊಟ್ಟ. ಉಚ್ಚೆಂಗಮ್ಮ ಬೇಡವೆನ್ನಲಿಲ್ಲ, ಆದರೆ ಅವನು ಕುಡಿದು ಮುಗಿಸುವವರೆಗೆ ಮುಂದಿನ ಪಟವನ್ನು ಎತ್ತಿ ಹಿಡಿದು ನಿಂತಿದ್ದಳು.

ಕೊನೆಯ ಚೀಟಿ ಕಿತ್ತು ಅವನು ಎದ್ದಾಗ ಕಾಲು ಜೋಮು ಹಿಡಿದು ತೂರಾಡಿದ. "ಸಿಟ್ಟು ಇಳೀತೇನಕ್ಕ?" ಅಂದ.

"ಇಲ್ಲ. ಹೋಗು."

ಶೆಡ್ಡಿನಲ್ಲಿ ಲಾರಿಗಳಿಗೆ ಅಕ್ಷರ ಬರೆಯುವ ಕೊಟ್ರಯ್ಯನಿಂದ ಅವಳು ಪ್ರತಿ ಪಟದ ಕೆಳಗೂ ಬರೆಸಿದಳು: 'ಉಚ್ಚೆಂಗಮ್ಮ, ಚಿತ್ತವಾಡ್ಗಿ. ಲಾರಿ ಹಲಗೆ.' ರಾಯಣ್ಣ ಶೆಡ್ಡಿನ ಮುಂದೆ ರಸ್ತೆ ಬದಿಗೆ ಎರಡು ಕಂಬ ನೆಟ್ಟು ಅಡ್ಡ ಪಟ್ಟಿ ಹೊಡೆದುಕೊಟ್ಟ. ಶೆಡ್ಡಿಗೆ ಲಾರಿಗಳು ಬರುವುದೇ ನಿಲ್ಲುತ್ತದೆ ಎಂದು ಅವನು ಹೆದರಿದ್ದ. ಗಿರಣಿಯ ಲಾರಿ ಬರುವುದು ನಿಂತಿತು, ಉಳಿದವು ಬಂದವು. ಗಂಡನನ್ನು ಅವಳು ಮತ್ತೆ 'ರೀ' ಅನ್ನಲು ತಿಂಗಳು ಹಿಡಿಯಿತು. ಅವನು ಅದನ್ನು ಕೇಳಲೂ ಇಲ್ಲ, ನೆನಪಿಸಲೂ ಇಲ್ಲ.

ಮಾರಾಟ ಮೊದಲಿನಷ್ಟಿರಲಿಲ್ಲ. ಕಾರು ನಿಲ್ಲಿಸಿದವರು 'ಲಾರಿ ಹಲಗೆ' ಎಂದು ಓದಿ ಮತ್ತೆ ಕಾರು ಹತ್ತುತ್ತಿದ್ದರು. ಅಂಥವರ ಹಿಂದೆ ಅವಳು ಕೇಳಿಸುವಂತೆಯೇ ಬೈಯುತ್ತಿದ್ದಳು. ಒಂದು ದಿನ ಧಣಿಯ ಮ್ಯಾನೇಜರು ಜೀಪಿನಲ್ಲಿ ಬಂದ. "ಅಮ್ಮಾವ್ರಿಗೆ ಆ ನವಿಲು ಬೇಕಂತ. ಗ್ವಾಡಿ ಬಣ ಬಣ ಅಂತೈತಂತ. ಕೆಳಗ ಬರ್ದದ್ದು ಒರೆಸಿ ಕೊಡ್ರಿ."

"ಒರೆಸಂಗಿಲ್ಲ. ಬೇಕಂದ್ರ ಅವರ ಬಂದು, ಇಲ್ಲಿ ನಿಂತು, ಅದನ್ನ ಓದಿ ಒಯ್ಲಿ."

ಮ್ಯಾನೇಜರು ಏನೋ ಗೊಣಗಿ ಜೀಪು ತಿರುಗಿಸಿದ. ಅವರಾರೂ ಬರಲಿಲ್ಲ. ಮುರಿದ ಕತ್ತನ್ನು ಮತ್ತೆ ಕೂಡಿಸಿದ್ದ ಆ ನವಿಲನ್ನು ಕೊನೆಗೆ ಕೊಂಡವನು ದೋಣಿಮಲೈ ಗಣಿಯ ಸಿಬ್ಬಂದಿ ಬಸ್ಸಿನ ಡ್ರೈವರ್ ಗವಿಸಿದ್ದಪ್ಪ. ಬಸ್ಸಿನ ಸೀಟಿಗೆ ಹಲಗೆ ಹಾಕಿಸಲು ಬಂದವನು ನವಿಲಿನ ಮುಂದೆ ಕೈಕಟ್ಟಿ ಬಹಳ ಹೊತ್ತು ನಿಂತ.

"ಏ ಅಕ್ಕ, ಲಾರಿ ಹಲಗಿಗೆ ಇಷ್ಟು ರೇಟಾ?"

ಉಚ್ಚೆಂಗಮ್ಮ ಗರಗಸ ಕೆಳಗಿಟ್ಟು ಎದ್ದಳು. "ಹಲಗಿ ಬೇಕಿದ್ರ ಶೆಡ್ಡಿನ ಹಿಂದ ಗುಡ್ಡಿ ಬಿದ್ದೈತಿ, ಪುಕ್ಕಟೆ ತಗೊಂಡು ಹೋಗು. ನವಿಲು ಬೇಕಂದ್ರ ರೊಕ್ಕ ಇಡು. ಆ ಕತ್ತು ಎರಡು ಸಲ ಕೂಡ್ಸೀನಿ ನಾನು, ತಿಳೀತಾ?"

"ಅಯ್ಯಯ್ಯ, ಬೈಬ್ಯಾಡ ತಾಯಿ, ತಗೊಂತೀನಿ!" ಎಂದು ಗವಿಸಿದ್ದಪ್ಪ ಜೇಬಿಗೆ ಕೈ ಹಾಕಿದ. ನವಿಲನ್ನು ಡ್ರೈವರ್ ಸೀಟಿನ ಹಿಂದೆ ತನ್ನ ಟವೆಲ್ಲಿನಲ್ಲಿ ಸುತ್ತಿಟ್ಟು, ಬಸ್ಸು ತಿರುಗಿಸುವಾಗ ಕಿಟಕಿಯಿಂದ ಕತ್ತು ಹೊರಹಾಕಿ ಕೂಗಿದ: "ಅಕ್ಕ, ನಮ್ಮ ಕ್ವಾರ್ಟರ್ಸಿನಾಗ ಯಾರರ ಕೇಳಿದ್ರ ನಿನ್ನ ಹೆಸರ ಹೇಳ್ತೀನಿ!"

"ಕೆಳಗ ಬರ್ದೈತಿ," ಎಂದು ಕೂಗಿದಳು ಉಚ್ಚೆಂಗಮ್ಮ, "ಓದಿಕೋ ಅನ್ನು!" ಬಸ್ಸು ಎಬ್ಬಿಸಿದ ಕೆಂಪು ಧೂಳಿಗೆ ಕೆಮ್ಮುತ್ತ, ಬೈಯುತ್ತ, ಅವಳು ಗರಗಸದ ಹತ್ತಿರ ವಾಪಸು ಬಂದು ಕೂತಳು.